ಮಷಿನ್ನಿನ ಹಲ್ಲು

ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಾನೆ, ಎದುರಿನವನು ಒಂದು ಬೆರಳು ಬಿಡಿಸಿಕೊಳ್ಳುತ್ತಾನೆ, ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಅದಕ್ಕೂ ಮೊದಲಿನ ಶಾಸ್ತ್ರವೆಂದರೆ ಎತ್ತಿನ ತುಟಿ ಎತ್ತಿ ಹಲ್ಲು ನೋಡುವುದು. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ? ಹಲ್ಲು ಗೊತ್ತಾದ ಮೇಲೆಯೇ ಬೆರಳು. ಇದನ್ನೆಲ್ಲ ನೋಡುತ್ತಲೇ ಬೆಳೆದ ನಾನು, ಅಪ್ಪನ ಚರ್ಮ ಹೊಲಿಯುವ ಮಷಿನ್ ಮಾರಲು ಹೊರಟಾಗ ಮಾತ್ರ ಹಲ್ಲು ನೋಡದೆ ಬೆಲೆ ಹೇಳಿಬಿಟ್ಟೆ. 25,000 ರೂಪಾಯಿ.

ಈ ಅಂಕಿ ಎಲ್ಲಿಂದ ಬಂತು ಎಂದು ಹೆಂಡತಿ ಕೇಳಿದಳು. ಮೇಷ್ಟರ ಕೆಲಸ ಮಾಡಿದವನು ನಾನು, ಲೆಕ್ಕ ತೋರಿಸಿದೆ. ಒಂದು, ಅದು ಸಿಂಗರ್. ಎರಡು, ಅದು ಸ್ಕಾಟ್ಲೆಂಡಿನದು. ಮೂರು, ಅದು ‘ಹೆವಿ ಡ್ಯೂಟಿ’. ಮೂರಕ್ಕೂ ಸೇರಿ ಇಪ್ಪತ್ತೈದು. ಆಕೆ ಕಸಬರಿಗೆ ಹಿಡಿದು ಮಷಿನ್ನಿನ ಮೇಲಿನ ಜೇಡರ ಬಲೆ ತೆಗೆದಳು, ಏನೂ ಹೇಳಲಿಲ್ಲ.

ಸ್ಕಾಟ್ಲೆಂಡಿನ ಮಾತು ಸುಳ್ಳಲ್ಲ. ಮಷಿನ್ನಿನ ಮಾದರಿ 29ಕೆ. ಆ ‘ಕೆ’ ಎಂದರೆ ಕಿಲ್ಬೋವಿ, ಗ್ಲಾಸ್ಗೋದ ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಾರ್ಖಾನೆ. 1885ರಲ್ಲಿ ಶುರುವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆದರೆ ಅಲ್ಲಿನ ರೈಲು ನಿಲ್ದಾಣದ ಹೆಸರು ಇವತ್ತಿಗೂ ‘ಸಿಂಗರ್’ ಅಂತಲೇ ಇದೆ. ನಮ್ಮ ಮಷಿನ್ನಿನ ಹಿತ್ತಾಳೆಯ ತುಂಡಿನ ಹತ್ತಿರ ಕೆತ್ತಿದ ನಂಬರು ‘ವೈ’ ಅಕ್ಷರದಿಂದ ಶುರುವಾಗುತ್ತದೆ. ಅಂದರೆ 1920ರ ದಶಕದ ಆರಂಭದಿಂದ 1930ರ ದಶಕದ ನಡುವಿನೊಳಗೆ ಹುಟ್ಟಿದ್ದು. ಅಪ್ಪನಿಗಿಂತ ಹಿರಿಯದು. ಬೆಳಗಾವಿ ಕ್ಯಾಂಪಿನಲ್ಲಿ ಸಿಪಾಯಿಗಳ ಬೂಟು ಹೊಲಿಯುತ್ತಿದ್ದ ಮುದುಕನೊಬ್ಬ ಕಣ್ಣು ಮಂಜಾದ ಮೇಲೆ ಅದನ್ನು 850 ರೂಪಾಯಿಗೆ, ಕಂತಿನ ಮೇಲೆ, ಅಪ್ಪನಿಗೆ ಕೊಟ್ಟನಂತೆ. ಅಂದರೆ ನಾನು ಮಾರಲು ಹೊರಟದ್ದು ಸೆಕೆಂಡ್ ಹ್ಯಾಂಡ್ ಕೂಡ ಅಲ್ಲ. ಅದು ಎಷ್ಟನೇ ಹ್ಯಾಂಡೋ, ಬಲ್ಲವರಿಲ್ಲ.

ಕಂತಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹೊಲಿಗೆ ಮಷಿನ್ನನ್ನು ಕಂತಿನ ಮೇಲೆ ಮಾರುವ ಉಪಾಯವನ್ನು 1850ರ ದಶಕದಲ್ಲೇ ಜಾರಿಗೆ ತಂದವನು ಸಿಂಗರ್‌ನ ಪಾಲುದಾರ ಎಡ್ವರ್ಡ್ ಕ್ಲಾರ್ಕ್. ಹಳೆಯ ಮಷಿನ್ ತಂದುಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಎಂದೂ ಅವನು ಸಾರಿದ. ಹಾಗೆ ಬಂದ ಹಳೆಯ ಮಷಿನ್ನುಗಳನ್ನು ಕಂಪನಿ ಒಡೆದುಹಾಕುತ್ತಿತ್ತು. ಹಳೆಯದರ ಪೇಟೆ ಬೆಳೆದರೆ ಹೊಸದನ್ನು ಕೊಳ್ಳುವವರು ಯಾರು? ಆ ಬುದ್ಧಿಗೆ ಸಿಗದೆ, ಸಮುದ್ರ ದಾಟಿ, ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಅಂಗಡಿಯಲ್ಲಿ ನಮ್ಮ ಮಷಿನ್ ಉಳಿದುಕೊಂಡಿತ್ತು.

ಗಾಂಧೀಜಿಗೂ ಈ ಸಿಂಗರ್ ಎಂದರೆ ಅಕ್ಕರೆ. 1924ರಲ್ಲಿ ಯಂತ್ರಗಳ ಬಗ್ಗೆ ಕೇಳಿದವರಿಗೆ ಅವರು ಹೊಲಿಗೆ ಯಂತ್ರವನ್ನು ಮಾತ್ರ ಬೇರೆ ಇಟ್ಟು ಮಾತಾಡಿದರು. ಹೆಂಡತಿ ಕೈಯಿಂದ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂಬುದು ಅವರ ನಂಬಿಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ನಮ್ಮ ಜಿಲ್ಲೆಗೆ ಬಂದರು. ದಕ್ಷಿಣ ಆಫ್ರಿಕಾದಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು, ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಒಂದು ಜೊತೆ ಕೊಟ್ಟವರು ಅವರು. ಹಾಗಾಗಿ ಅಪ್ಪನ ಅಂಗಡಿಯಲ್ಲಿ ಶರಣ ಹರಳಯ್ಯನ ಪಟದ ಪಕ್ಕದಲ್ಲಿ ಗಾಂಧಿ ಪಟವೂ ಇತ್ತು. ಸಿಂಗರ್ ಸಾಹೇಬನಿಗೆ ಹಲವು ಸಂಸಾರಗಳಿದ್ದವು, ಮಕ್ಕಳೇ ಇಪ್ಪತ್ತಕ್ಕೂ ಹೆಚ್ಚು ಎಂಬುದು ನನಗೆ ಗೊತ್ತಾದದ್ದು ಅಪ್ಪ ಹೋದ ಮೇಲೆ. ಗೊತ್ತಾಗಿದ್ದರೂ ಅಪ್ಪನಿಗೆ ಹೇಳುತ್ತಿರಲಿಲ್ಲ.

ಮಷಿನ್ ಕೇಳಿಕೊಂಡು ಮೊದಲು ಬಂದವನು ಮೋಡಕಾದವನು, ಗುಜರಿ ಕೊಳ್ಳುವವನು. ಯಾರೂ ಕರೆದಿರಲಿಲ್ಲ. ಸಾಯುವ ಮನೆಗೆ ಇವರು ಹೇಗೆ ವಾಸನೆ ಹಿಡಿದು ಬರುತ್ತಾರೋ! ಸ್ಟ್ಯಾಂಡ್ ಸಮೇತ ತೂಗಿದರೆ 58 ಕಿಲೋ. "ಕಿಲೋಕ್ಕ ಮೂವತ್ತರಂಗ ಸಾವಿರದಾ ಏಳ್ನೂರಾ ನಲವತ್ತ ಆತ್ರಿ ಸರ. ನಿಮಗಂತ ಹದಿನೆಂಟ್ನೂರ ಕೊಡ್ತೀನಿ" ಅಂದ. ಹೆಚ್ಚಿನ ಅರವತ್ತು ರೂಪಾಯಿ ನನ್ನ ಮೇಷ್ಟರಗಿರಿಗೆ ಸಂದ ಗೌರವ. ಅವನನ್ನು ಬೈದು ಕಳಿಸಿದೆ. ಆದರೆ ಒಂದು ಮಾತು ಒಪ್ಪಬೇಕು: ಮುಂದೆ ಕಂಡವರೆಲ್ಲರಲ್ಲಿ ತನ್ನ ಬೆಲೆಗೆ ಕಾರಣವನ್ನು ತಕ್ಕಡಿಯಲ್ಲಿ ತೋರಿಸಿದವನು ಅವನೊಬ್ಬನೇ.

ಸವದತ್ತಿಗೆ ಹೋದದ್ದು ಭಾರತ ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗ. ಆಗ ಚಕ್ಕಡಿ ಸಾಮಾನಿನವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಯಲ್ಲಮ್ಮನ ಗುಡ್ಡಕ್ಕೂ, ಆ ಕಡೆ ಉಳವಿಗೂ ಹೊರಡುವ ಎತ್ತುಗಳಿಗೆ ಗೆಜ್ಜಿಪಟ್ಟಿ, ಕೊರಳಪಟ್ಟಿ, ಬಾರಕೋಲು ಎಲ್ಲ ಹೊಸದಾಗಬೇಕು. ಅಂಥ ಸಾಮಾನು ಮಾಡುವ ಒಬ್ಬ ಹಿರಿಯರು ಮಷಿನ್ ಹುಡುಕುತ್ತಿದ್ದಾರೆ ಎಂದು ಕೇಳಿ ಟಂಟಂ ಗಾಡಿಯಲ್ಲಿ ಹೇರಿಕೊಂಡೇ ಹೋದೆ. ಅವರು ಮಷಿನ್ನಿನ ಹೆಸರನ್ನಾಗಲಿ, ನಂಬರನ್ನಾಗಲಿ ನೋಡಲಿಲ್ಲ. ಎರಡು ಪದರ ದಪ್ಪ ಚರ್ಮ ತಂದು ಸೂಜಿಯ ಕೆಳಗೆ ಇಟ್ಟರು. ಗಾಲಿ ತಿರುಗಿಸಿದರು. ಸೂಜಿ ಅರ್ಧಕ್ಕೆ ನಿಂತು ಕಿರುಗುಟ್ಟಿತು.

"ಇದನ್ನ ಹೆವಿ ಅಂತ ಯಾರ ಹೇಳಿದ್ರ ನಿಮಗ?"

"ಚರ್ಮದ ಮಷಿನ್ ಅಲ್ರಿ ಕಾಕಾ?"

"ಚರ್ಮದ್ದ ಖರೆ. ಆದ್ರ ಬೂಟಿನ ಮ್ಯಾಲಿನ ಚರ್ಮದ್ದು, ತ್ಯಾಪಿ ಹಚ್ಚೂದು. ಕೊರಳಪಟ್ಟಿ ಇದಕ್ಕ ಆಗೂದಿಲ್ಲ. ಎತ್ತಿನ ಕೆಲಸಕ್ಕ ಹೋರಿಗರಾ ತಂದೀರಲ್ರಿ ಸರ."

ತ್ಯಾಪಿ ಮಷಿನ್. ಹೌದು, 29ಕೆ ಇರುವುದು ಅದಕ್ಕೇ. ಆನೆಯ ಸೊಂಡಿಲಿನಂತೆ ಮುಂದೆ ಚಾಚಿದ ತೋಳು. ಅದರ ಮೇಲೆ ಬೂಟನ್ನು ಕಾಲಿಗೆ ಹಾಕಿದಂತೆಯೇ ಏರಿಸಬಹುದು. ಒತ್ತುವ ಪಾದ ಸುತ್ತಲೂ ತಿರುಗುತ್ತದೆ. ಹಾಗಾಗಿ ಚರ್ಮ ತಿರುಗಿಸದೆ ಹೊಲಿಗೆಯನ್ನೇ ಬೇಕಾದ ದಿಕ್ಕಿಗೆ ನಡೆಸಬಹುದು. ಸಾಮಾನ್ಯ ಮಷಿನ್ನಿನಲ್ಲಿ ಬಟ್ಟೆಯನ್ನು ಕೆಳಗಿನ ಹಲ್ಲು ಎಳೆಯುತ್ತದೆ, ಇದರಲ್ಲಿ ಮೇಲಿನ ಪಾದವೇ ಕಚ್ಚಿ ಎಳೆಯುತ್ತದೆ. ಹರಿದ ಬಾಯಿಯ ಬೂಟು, ಜಿಪ್ಪು ಕಿತ್ತ ಚೀಲ, ಇಂಥವುಗಳ ಒಳಹೊಕ್ಕು ಹೊಲಿಯುವ ಜಾಣತನ ಇದರದು. ಬಲವಲ್ಲ. ಬಾಬಿನ್ ಕೂಡ ಪುಟಾಣಿ, ಒಂದು ಚೀಲ ಮುಗಿಯುವುದರೊಳಗೆ ದಾರ ಮುಗಿಯುತ್ತದೆ. ನನಗೆ ಇದು ಗೊತ್ತಿರಬೇಕಿತ್ತು. ಬೈಲಹೊಂಗಲದ ಹತ್ತಿ ಜಿನ್ನುಗಳ ಚರ್ಮದ ಪಟ್ಟಾ ಹರಿದರೆ ಅಪ್ಪ ಅದನ್ನು ಮಷಿನ್ನಿಗೆ ಎಂದೂ ಕೊಟ್ಟವನಲ್ಲ. ನೆಲದ ಮೇಲೆ ಕೂತು, ಪಟ್ಟಾವನ್ನು ಮೊಣಕಾಲಿನ ನಡುವೆ ಅಮುಕಿ, ದಬ್ಬಣ ಚುಚ್ಚಿ ಕೈಯಿಂದಲೇ ಹೊಲಿಯುತ್ತಿದ್ದ. ನಮ್ಮ ಮನೆಯಲ್ಲಿ ಹೆವಿ ಡ್ಯೂಟಿ ಎಂಬುದೇನಾದರೂ ಇದ್ದರೆ ಅದು ಅವನ ಬಲಗೈಯ ಹೆಬ್ಬೆರಳು.

ಹಿರಿಯರು ಇನ್ನೊಂದು ಕೆಲಸ ಮಾಡಿದರು. ತೋಳಿನ ತುದಿಯ ತಗಡು ಬಿಚ್ಚಿ, ಬ್ಯಾಟರಿ ಬಿಟ್ಟು, "ಬರ್ರಿ, ಹಲ್ಲ ನೋಡ್ರಿ" ಅಂದರು. ತೋಳಿನ ಉದ್ದಕ್ಕೂ ಒಂದು ಹಲ್ಲಿನ ಸರಳು ಇದೆ. ಅದು ಹಿಂದೆ ಮುಂದೆ ಸರಿದು ತುದಿಯ ಪುಟ್ಟ ಹಲ್ಲುಗಾಲಿಯನ್ನು ಆಡಿಸುತ್ತದೆ, ಗಾಲಿ ಶಟಲ್ಲನ್ನು ಆಡಿಸುತ್ತದೆ. ಆ ಹಲ್ಲು ಸವೆದರೆ ಶಟಲ್ಲಿನ ಮೂತಿ ಸೂಜಿಯ ದಾರದ ಕುಣಿಕೆ ಸಿಗುವ ಹೊತ್ತಿಗೆ ತಲುಪುವುದಿಲ್ಲ, ಹೊಲಿಗೆ ಬಿಡುತ್ತದೆ. ನಮ್ಮದು ಸವೆದಿತ್ತು. ಪೂರ್ತಿ ಅಲ್ಲ. ಬಾಯಿಗೂಡಿ ವರ್ಷಗಳಾದ ಎತ್ತಿನ ಹಾಗೆ, ಸಣ್ಣ ಹೊಲಕ್ಕೆ ನಡೆಯುವಷ್ಟು ಉಳಿದಿತ್ತು. "ಹತ್ತ ಹೊಲಿಗ್ಯಾಗ ಒಂದ ಬಿಡ್ತೈತಿ. ಮಾರೂ ಮುಂದ ಹೇಳಿ ಮಾರ್ರಿ. ಹೇಳಲಾರದ ಮಾರಿದ್ರ ನಿಮ್ಮ ಅಪ್ಪನ ಹೆಸರಿಗೆ ಬರ್ತೈತಿ." ಚಹಾ ಕುಡಿಸಿ ಕಳಿಸಿದರು.

ರಾಮದುರ್ಗಕ್ಕೆ ಹೋಗುವಷ್ಟರಲ್ಲಿ ನನ್ನ ಇಪ್ಪತ್ತೈದು ಹದಿನೈದಕ್ಕೆ ಇಳಿದಿತ್ತು, ಮಲಪ್ರಭಾ ದಾಟುವಾಗ ಹನ್ನೆರಡಾಯಿತು. ಅಲ್ಲಿ ಅಂಗಡಿ ನಡೆಸುವವರು ಒಬ್ಬ ಹೆಣ್ಣುಮಗಳು. ಬೈಕಿನ ಸೀಟು, ಟ್ರ್ಯಾಕ್ಟರ್ ಸೀಟು, ಸಾಲಿ ಹುಡುಗರ ಚೀಲ. ಅಂಗಡಿ ತುಂಬ ರೆಕ್ಸಿನ್, ಚರ್ಮದ ಚೂರೂ ಇಲ್ಲ. ಚರ್ಮ ಹೊಲಿಯುವ ಮಷಿನ್ನಿಗೆ ಈಗ ಗಿರಾಕಿ ಇರುವುದು ಚರ್ಮ ಮುಟ್ಟದವರಲ್ಲೇ. ನಾನು ಹಿರಿಯರ ಮಾತು ನೆನೆದು ಮೊದಲೇ ಹೇಳಿದೆ: "ಅಕ್ಕಾರ, ಹತ್ತಕ್ಕ ಒಂದ ಹೊಲಿಗಿ ಬಿಡ್ತೈತ್ರಿ."

"ಗೊತ್ತೈತ್ರಿ. ಹಳೀ ಸಿಂಗರ್ ಎಲ್ಲಾ ಬಿಡ್ತಾವ. ಒಂದ ಚೀಲಾ ಹೊಲೀತೀನಿ, ಆಮ್ಯಾಲ ರೇಟ್ ಮಾತಾಡೂಣು" ಅಂದರು.

ಸೂಜಿ ಬದಲಿಸಿದರು. ಚರ್ಮದ ಸೂಜಿಗೆ ಚೂರಿಯ ಹಾಗೆ ಕೊರೆಯುವ ತುದಿ, ಅದು ರೆಕ್ಸಿನ್ ಹರಿಯುತ್ತದೆ ಎಂದು ದುಂಡು ತುದಿಯದು ಹಾಕಿದರು. ಶಟಲ್ಲಿನ ಹತ್ತಿರ ಏನೋ ಒಂದು ತಿರುಪು ಅರ್ಧ ಸುತ್ತು ತಿರುಗಿಸಿದರು. ಚೀಲದ ಮೂಲೆಯನ್ನು ಸೊಂಡಿಲಿಗೆ ಏರಿಸಿ ಸುತ್ತಲೂ ಹೊಲಿದರು. ನಾನು ಪರೀಕ್ಷೆಯ ಕೊಠಡಿಯಲ್ಲಿ ನಿಂತವನ ಹಾಗೆ ಹೊಲಿಗೆ ಎಣಿಸುತ್ತ ನಿಂತೆ. ನಲವತ್ತರ ಮೇಲೆ ಒಂದು ಬಿಟ್ಟಿತು.

"ಏಳ ಸಾವಿರ ಕೊಡ್ತೀನ್ರಿ. ಹೊಸಾ ಕೈಲೆ ತಿರುವೂ ಮಷಿನ್ ಎಂಟಕ್ಕ ಬರ್ತಾವ, ಆದ್ರ ವರ್ಷ ತಡಿಯೂದಿಲ್ಲ. ಇದರ ಜೋಡಿ ಹಳೀ ಶಟಲ್, ಬಾಬಿನ್, ಸೂಜಿ ಡಬ್ಬಿ ಕೊಟ್ರ ಇನ್ನೊಂದ ಸಾವಿರ. ಸ್ಟ್ಯಾಂಡ್ ನನಗ ಬ್ಯಾಡ, ಮೋಟರ್ ಹಚ್ಚತೀನಿ."

ಆ ಡಬ್ಬಿ! ಅಪ್ಪನ ತಂಬಾಕಿನ ಡಬ್ಬಿಯಲ್ಲಿ ಎರಡು ಶಟಲ್ಲು, ಎಂಟು ಬಾಬಿನ್ನು ಇದ್ದವು. ಅದನ್ನು ಕಸ ಎಂದು ನಾನು ಮೋಡಕಾದವನಿಗೆ ಪುಕ್ಕಟೆ ಕೊಡಲು ಹೊರಟಿದ್ದೆ, ಡಬ್ಬಿ ಚೆನ್ನಾಗಿದೆ ಎಂದು ಹೆಂಡತಿ ಉಳಿಸಿದ್ದಳು. ಸಂಚಕಾರವಾಗಿ 500 ಇಸಿದುಕೊಂಡು, ಮರುವಾರ ಡಬ್ಬಿ ಒಯ್ದು ಕೊಟ್ಟು 8,000 ಪೂರ್ತಿ ಮಾಡಿಕೊಂಡೆ.

ಉಳಿದದ್ದು ಬೀಡಿನ ಸ್ಟ್ಯಾಂಡು. ನಡುವೆ ದೊಡ್ಡಕ್ಷರದಲ್ಲಿ ಸಿಂಗರ್ ಎಂದು ಎರಕ ಹೊಯ್ದದ್ದು, ಕೆಳಗೆ ಜಾಳಿಗೆಯಂಥ ಪೆಡಲ್ಲು. ಈ ಸ್ಟ್ಯಾಂಡಿನ ಬಗ್ಗೆ ನಾನು ಯಾರ ಹತ್ತಿರವೂ ಹೇಳದ ಒಂದು ಸಂಗತಿ ಇದೆ. ಮಷಿನ್ ಬರುವ ಮೊದಲು ಅಪ್ಪ ಗೋಣಿಚೀಲ ಹಾಸಿ ನೆಲದ ಮೇಲೆ ಕೂರುತ್ತಿದ್ದ. ಗಿರಾಕಿಗಳು ನಿಂತೇ ಚಪ್ಪಲಿ ಕಳಚಿ ಕಾಲಿನಿಂದ ಅವನ ಮುಂದೆ ಸರಿಸುತ್ತಿದ್ದರು, ರೊಕ್ಕವನ್ನು ಕೈಗೆ ಕೈ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು. ಪೆಡಲ್ ತುಳಿಯಲು ಸ್ಟೂಲು ಬೇಕಾಯಿತು. ಅಪ್ಪ ಸ್ಟೂಲಿನ ಮೇಲೆ ಕೂತ. ಅವನ ಮುಖ ಗಿರಾಕಿಯ ಎದೆಯ ಮಟ್ಟಕ್ಕೆ ಬಂತು. ಆಮೇಲೆ ಚಪ್ಪಲಿಯನ್ನು ಕಾಲಿನಿಂದ ಸರಿಸುವಂತಿರಲಿಲ್ಲ, ಬಗ್ಗಿ ಎತ್ತಿ ಮಷಿನ್ನಿನ ಹಲಗೆಯ ಮೇಲೆ ಇಡಬೇಕಾಗಿತ್ತು. ಅವರು ಬದಲಾದರು ಎಂದು ನಾನು ಹೇಳುತ್ತಿಲ್ಲ. ಸ್ಟ್ಯಾಂಡಿನ ಎತ್ತರ ಅವರನ್ನು ಬಗ್ಗಿಸಿತು, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ಅದನ್ನು ಮಾರಿದೆ. ಕಿತ್ತೂರಿನ ಹತ್ತಿರ ಹೆದ್ದಾರಿಯ ಮೇಲೆ ಹಳ್ಳಿಯ ಸೊಗಸಿನ ಹೊಸ ಖಾನಾವಳಿಯೊಂದು ಎದ್ದಿತ್ತು. ಗೋಡೆಗೆ ನೇಗಿಲು, ಬಾಗಿಲಿಗೆ ಚಕ್ಕಡಿ ಗಾಲಿ, ಊಟಕ್ಕೆ ಕಂಚಿನ ಗಂಗಾಳ. ಅದರ ಮಾಲೀಕರು ಫೋನಿನಲ್ಲೇ ಫೋಟೋ ನೋಡಿ ಸ್ಟ್ಯಾಂಡಿಗೆ ಮಾತ್ರ 4,500 ಹೇಳಿದರು. ನಾನು ಐದು ಎಂದೆ, ಅವರು ಚೌಕಾಸಿ ಮಾಡದೆ ಹೂಂ ಅಂದರು. ಆಗಲೇ ಗೊತ್ತಾಯಿತು, ಕಡಿಮೆ ಹೇಳಿದೆ. ಒಟ್ಟು 13,000. ಟಂಟಂ ಬಾಡಿಗೆ ಕಳೆದರೆ 10,800. ಹಲ್ಲು ಸವೆದ ತಲೆಗೆ ಎಂಟು, ಹಲ್ಲೇ ಇಲ್ಲದ ಕಾಲಿಗೆ ಐದು.

ಕಳೆದ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನೋಡಿಕೊಂಡು ಬರುವಾಗ ಆ ಖಾನಾವಳಿಗೆ ಹೋದೆವು. ಸ್ಟ್ಯಾಂಡಿನ ಮೇಲೆ ಕರಿಕಲ್ಲಿನ ಹಲಗೆ, ಅದರ ಮೇಲೆ ತಾಮ್ರದ ಬೇಸಿನ್ನು, ಎರಕದ ಅಕ್ಷರಗಳಿಗೆ ಬಂಗಾರದ ಬಣ್ಣ. ಜನ ಸಾಲು ನಿಂತು, ಬಗ್ಗಿ ಕೈ ತೊಳೆಯುತ್ತಿದ್ದರು. ನನ್ನ ಸರದಿ ಬಂದಾಗ ಕಾಲು ತಾನಾಗಿಯೇ ಪೆಡಲ್ಲಿನ ಮೇಲೆ ಹೋಯಿತು. ಅದಕ್ಕೆ ತಂತಿ ಬಿಗಿದಿದ್ದರು. ಅಲುಗಲಿಲ್ಲ.