ಪಂಜಿನೆಣ್ಣೆಯ ಕರಾರು

1997ರಿಂದ ಊರೂರು ತಿರುಗುತ್ತಿರುವ ಶಿವಸಂಚಾರ ತಂಡದವರ ನಾಟಕವನ್ನು ಸಾಣೇಹಳ್ಳಿಯಲ್ಲಿ ನೋಡಿಕೊಂಡು ನಮ್ಮೂರಾದ ಮತ್ತೋಡಿಗೆ ಹಿಂದಿರುಗುವಾಗ, ನಾನು ಹೇಳಿದ್ದ ಹಳೆಯ ಕಥೆ ನೆನಪಾಗಿ, "ತಾತ, ಬರಗಾಲದಲ್ಲಿ ಊಟಕ್ಕೇ ಇಲ್ದಿರೋರು ಆಟ ಯಾಕೆ ಆಡ್ತಿದ್ರು?" ಎಂದು ಮೊಮ್ಮಗಳು ಕೇಳಿದಳು. ದೀಪವೂ ಸಂಬಳವೂ ಉಳ್ಳ ನಟರನ್ನು ಆಗತಾನೇ ಕಂಡವಳಿಗೆ ಆ ಸಂಶಯ ಸಹಜವೇ.

ನಮ್ಮೂರಿಗೆ ಕಸುಬು ಅಳಿಯುವುದು ಹೊಸತಲ್ಲ. ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಸಾಹೇಬನು 1801ರಲ್ಲಿ ಕಂಡು ಬರೆದಿಟ್ಟ ಗಾಜಿನ ಕುಲುಮೆಗಳೂ ಅಲ್ಲಿನ ಬಳೆಗಳೂ ನಾನು ಕಣ್ಣುಬಿಡುವ ಮೊದಲೇ ಬರಿಯ ಕಥೆಯಾಗಿದ್ದವು. ನಾನು ಕಣ್ಣಾರೆ ಕಂಡದ್ದು ಆಟ. ವಿದ್ವಾಂಸರು ಮೂಡಲಪಾಯವೆನ್ನುವ, ಮುಖವೀಣೆ ಮದ್ದಳೆಗಳ ಆಟ.

1965ರಲ್ಲಿ ಮಳೆ ಕೈಕೊಟ್ಟಿತು. ಸೋಮವಾರ ಒಂದು ಹೊತ್ತಿನ ಊಟವನ್ನು ಬಿಡಿರೆಂದು ಪ್ರಧಾನಿ ಶಾಸ್ತ್ರಿಗಳು ದೇಶಕ್ಕೆ ಕರೆಕೊಟ್ಟಾಗ, ಬಿಡುವುದಕ್ಕೆ ಊಟವೇ ಇಲ್ಲದ ಮನೆಗಳು ನಮ್ಮ ಕೇರಿಯಲ್ಲಿ ಹಲವಿದ್ದವು. ಅಮೆರಿಕದ ಕೆಂಪು ಜೋಳಕ್ಕಾಗಿ ಚೀಲ ಹಿಡಿದು ನಿಂತ ಅದೇ ಜನ, ಆಟವಾಡಿಸಿದರೆ ಮಳೆಯಾದೀತೆಂದು ನಿಶ್ಚಯಿಸಿ, ಪರವೂರಿನಿಂದ ಭಾಗವತರನ್ನು ಕರೆಸಿದರು.

ಚಾವಡಿಯ ಜಗಲಿಯ ಮೇಲೆ ನಡೆದ ಆ ಚೌಕಾಸಿ ಇಂದಿಗೂ ನನ್ನ ಕಿವಿಯಲ್ಲಿದೆ. ಅರ್ಧ ರಾಗಿ ಈಗ, ಉಳಿದರ್ಧ ಬರುವ ಸುಗ್ಗಿಗೆ ಎಂದು ಊರ ಹಿರಿಯರು ಹೇಳಿದಾಗ, ಆ ಕೃಶಕಾಯದ, ಕಂಬಳಿ ಹೊದ್ದ ಭಾಗವತರು ರಾಗಿಯ ಮಾತಿಗೇ ಹೋಗದೆ, "ಎಣ್ಣೆ ಎಷ್ಟು ಕೊಡ್ತೀರಿ ಗೌಡ್ರೇ?" ಎಂದರು. ಹಸಿದವನು ಕುಣಿದಾನು, ಆದರೆ ಕತ್ತಲಲ್ಲಿ ಕುಣಿದರೆ ಯಾರಿಗೆ ಕಂಡೀತು ಎಂಬುದು ಅವರ ತರ್ಕ. ದ್ರೌಪದಿಯ ವೇಷದ ಹುಡುಗನಿಗೆ, ಕಲಿಕೆ ಮುಗಿಯುವವರೆಗೆ, ರಾತ್ರಿಗೊಂದು ಮುದ್ದೆ ಕೊಡತಕ್ಕದ್ದೆಂಬುದು ಎರಡನೆಯ ಕರಾರು.

ಶಿವರಾತ್ರಿ ಕಳೆದ ಮೇಲೆ ಅಟ್ಟ ಕಟ್ಟಿದರು. ಹೊಂಗೆಯೆಣ್ಣೆಯಲ್ಲಿ ತೊಯ್ದ ಪಂಜಿನ ಹೊಗೆಯೂ, ಮುಖಕ್ಕೆ ಬಳಿದ ಅರ್ದಳದ ಕಮಟೂ, ಭುಜಕೀರ್ತಿಯ ಕೆಳಗೆ ಇಳಿಯುವ ಬೆವರೂ ಬೆರೆತು ಹುಟ್ಟುತ್ತಿದ್ದ ಆ ವಾಸನೆಯನ್ನು ಸುಗಂಧವೆನ್ನಲಾರೆ; ಆದರೂ ಆಟದ ವಿದೂಷಕ ಹನುಮನಾಯಕನ ಹಾಸ್ಯಕ್ಕೆ ಊರಿಗೆ ಊರೇ ನಕ್ಕ ಆ ರಾತ್ರಿಯಲ್ಲಿ, ಬರಿಹೊಟ್ಟೆಯಲ್ಲಿಯೂ ಮನುಷ್ಯನಿಗೆ ಅಷ್ಟು ನಗೆ ಉಳಿದಿರುತ್ತದೆಂಬುದನ್ನು ಕಂಡು ಬಾಲಕನಾದ ನನಗೆ ದಿಗ್ಭ್ರಮೆಯಾಯಿತು. ಭಾಗವತರ ಕಂಠವು ಬೆಳಗಿನ ಜಾವಕ್ಕೆ ಒಡೆದಿದ್ದರೂ ತಾಳ ಮಾತ್ರ ಕಿಂಚಿತ್ತೂ ಸಡಿಲಲಿಲ್ಲ.

ಹೀಗೆಂದು ಬರೆಯುವಾಗ ಮೋಹವು ಲೇಖನಿಯನ್ನು ಎಳೆಯುತ್ತದೆ. ಹಸಿವಿನಿಂದಲೇ ಕಲೆ ಬೆಳಗಿತೆಂಬುದು ಉಂಡವರ ಮಾತು. ಆ ದ್ರೌಪದಿ ಕಲೆಗಾಗಿ ಬಂದವನಲ್ಲ, ಮುದ್ದೆಗಾಗಿ ಬಂದವನು. ಅದರಲ್ಲಿ ಅರ್ಧವನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ತಂಗಿಗೆ ಒಯ್ಯುತ್ತಿದ್ದನು. ಹೊಲಗೇರಿಯವರು ಪಂಜಿನ ಬೆಳಕು ತಲುಪದ ದೂರದಲ್ಲಿ ನಿಂತೇ ಬೆಳಗು ಮಾಡಿದರು. ಹಾಗೇಕೆಂದು ನಮ್ಮಲ್ಲಿ ಒಬ್ಬನಾದರೂ ಕೇಳಲಿಲ್ಲ. ಮಳೆಯೂ ಬರಲಿಲ್ಲ.

ಬರವು ಕೊಲ್ಲದ ಆಟವನ್ನು ಮುಂದೆ ಕೊಳವೆಬಾವಿಯ, ತೆಂಗಿನ ತೋಟದ, ಟಿ.ವಿ.ಯ ಒಳ್ಳೆಯ ದಿನಗಳು ಸದ್ದಿಲ್ಲದೆ ಮುಗಿಸಿದವು. ಈಗ ಹಬ್ಬಕ್ಕೆ ಆರ್ಕೆಸ್ಟ್ರಾ ಬರುತ್ತದೆ. ಮುಖಂಡರ ಮುಖಗಳನ್ನು ಹೊತ್ತ ಬ್ಯಾನರಿನ ಕೆಳಗೆ, ಎದೆ ನಡುಗಿಸುವ ಧ್ವನಿವರ್ಧಕದೊಡನೆ, ಯಾರದೋ ಸಿನಿಮಾದ ಹಾಡನ್ನು ಯಾರೋ ಹಾಡಿ ಹೋಗುತ್ತಾರೆ. ಅವರಿಗೆ ಹಣವನ್ನು ವೇದಿಕೆ ಹತ್ತುವ ಮುನ್ನವೇ ಎಣಿಸಿಕೊಡಬೇಕು, ಕೊಡುತ್ತಾರೆ ಕೂಡ. ಭಾಗವತರಿಗೆ ಸುಗ್ಗಿಗೆ ಸಲ್ಲಬೇಕಿದ್ದ ಉಳಿದರ್ಧ ರಾಗಿಯಾದರೋ, ಅವರು ಎರಡು ಬಾರಿ ಬಂದು ಕೇಳಿದರೂ ಪೂರ್ತಿ ಸಲ್ಲಲಿಲ್ಲ. ಮೂರನೆಯ ಬಾರಿ ಅವರು ಬರಲಿಲ್ಲ.