ಅಕ್ಕಿಕಾಳು ಬೀಳುವ ಮುನ್ನ

ಲೆನ್ಸಿನ ಬಗ್ಗೆ ಮಾತಾಡುವವರು ಜಮಖಂಡಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕಾರ್ಡಿನ ಮಾತು ತೆಗೆದರೆ, ‘ಅದರಾಗ ಏನ್ ನೋಡೂದೈತ್ರಿ, ಯಾವುದರೆ ಒಂದು ಹಾಕ್ರಿ’ ಎಂದು ಮುಗಿಸಿಬಿಡುತ್ತಾರೆ. ನನಗಂತೂ ಮದುವೆ ಹಂಗಾಮಿಗೆ ಮುಂಚೆ ಹೊಸ ಮೆಮೊರಿ ಕಾರ್ಡು ಆರಿಸಿ ತರುವುದೇ ಒಂದು ಸಡಗರ. ತೂಕ ಸುಮಾರು 2 ಗ್ರಾಂ, ಅಗಲ 24 ಮಿಲಿಮೀಟರ್. ಸುರಗಿಯ ನೀರಿನಿಂದ ಹಿಡಿದು ಮಗಳನ್ನು ಕಳಿಸಿಕೊಡುವಾಗಿನ ಅಳುವಿನ ತನಕ ಒಂದು ಮನೆತನದ ಸಂಭ್ರಮವೆಲ್ಲ ಇಷ್ಟರೊಳಗೆ ಕೂತಿರಬೇಕು. ಅಕ್ಕಿಕಾಳು ಬೀಳುವುದು ಒಂದೇ ಸಲ. ‘ಇನ್ನೊಮ್ಮೆ ಒಗೀರಿ’ ಎಂದು ಕೇಳಲು ಬರುವುದಿಲ್ಲ.

ಕಾರ್ಡು ಕೈಗೆ ಬಂದಕೂಡಲೇ ಮೊದಲು ಬೆನ್ನು ನೋಡುತ್ತೇನೆ. ಬಂಗಾರ ಬಣ್ಣದ ಪಟ್ಟಿಗಳ ಒಂದು ಸಾಲು. ಯುಎಚ್‌ಎಸ್-2 ಕಾರ್ಡಾದರೆ ಅದರ ಕೆಳಗೆ ಇನ್ನೊಂದು. ಪಟ್ಟಿಗಳ ನಡುವೆ ತೀರ ತೆಳುವಾದ ಪ್ಲಾಸ್ಟಿಕ್ ಗೋಡೆಗಳು. ಹಾಕಿ ತೆಗೆದು, ಹಾಕಿ ತೆಗೆದು ಮಾಡುವಾಗ ಇವು ಮುರಿಯುವುದುಂಟು, ಚೂರು ಕ್ಯಾಮೆರಾದ ಹೊಟ್ಟೆಯಲ್ಲೇ ಉಳಿಯುವುದುಂಟು. ಪಕ್ಕದ ಪುಟ್ಟ ಬೀಗದ ಗುಂಡಿಯೂ ಅಷ್ಟೇ ನಾಜೂಕು. ಗೋಡೆಯೂ ಗುಂಡಿಯೂ ಇಲ್ಲದೆ ಗಟ್ಟಿಮುಟ್ಟಾಗಿ ಮಾಡಿದ ಕಾರ್ಡುಗಳು ಈಗ ಬಂದಿವೆ. ಅಂಥದಕ್ಕೆ ನಾಲ್ಕು ದುಡ್ಡು ಹೆಚ್ಚು ಕೊಡಲು ನಾನು ಹಿಂದೆಮುಂದೆ ನೋಡುವುದಿಲ್ಲ. ನಮ್ಮ ಕಡೆಯ ಕೆಲಸವೂ ಹಾಗೇ ಇದೆ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಜಾತ್ರೆಯಲ್ಲಿ ಎರಚಿದ ಭಂಡಾರ ಕ್ಯಾಮೆರಾದ ಸಂದುಗೊಂದಿಗೆಲ್ಲ ಇಳಿಯುತ್ತದೆ. ಅಲ್ಲಿ ಕಾರ್ಡು ಬದಲಿಸುವುದಾದರೆ ಚೀಲದೊಳಗೇ ಬದಲಿಸಬೇಕು. ಬಾಯಿಂದ ಊದಬಾರದು, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು.

ಆಮೇಲೆ ಮುಖದ ಮೇಲಿನ ಬರಹ. ನನ್ನ ಜೊತೆ ಕೆಲಸ ಕಲಿಯುವ ಹುಡುಗ ಒಮ್ಮೆ ಅಂಗಡಿಯಲ್ಲಿ, ‘ಮಾಮಾ, ಇದರ ಮ್ಯಾಲ 200 ಅಂತ ಐತಿ, ಇದನ್ನ ತಗೊಳ್ಳೂಣು’ ಅಂದ. ‘ಅದು ಓದೂದರ ವೇಗ ತಮ್ಮಾ, ನಮಗ ಬೇಕಾದ್ದು ಬರಿಯೂದರ ವೇಗ’ ಅಂದೆ. ದೊಡ್ಡಕ್ಷರದ ಸಂಖ್ಯೆ ಸಾಮಾನ್ಯವಾಗಿ ಕಾರ್ಡಿನಿಂದ ಕಂಪ್ಯೂಟರಿಗೆ ಫೋಟೋ ಹರಿಯುವ ವೇಗ, ಅದೂ ಎಲ್ಲ ಅನುಕೂಲವಿದ್ದಾಗ. ಮೂಲೆಯಲ್ಲಿ ಸಣ್ಣಗೆ ಬರೆದ ವಿ30, ವಿ60, ವಿ90 ನೋಡಬೇಕು. ಸೆಕೆಂಡಿಗೆ 30, 60, 90 ಮೆಗಾಬೈಟಿಗಿಂತ ಕೆಳಗಿಳಿಯದೆ ಒಂದೇ ಸಮನೆ ಬರೆಯುತ್ತೇನೆಂಬ ಮಾತು ಅದು. ರಬಕವಿಯ ನೇಕಾರರು ಮಗ್ಗವನ್ನು ಅಳೆಯುವುದೂ ಹೀಗೆಯೇ: ಒಂದು ಗಳಿಗೆ ಎಷ್ಟು ಜೋರಾಗಿ ಬಡಿಯಿತು ಅನ್ನುವುದಲ್ಲ, ದಿನವಿಡೀ ಎಳೆ ಕಡಿಯದೆ ನಡೆಯಿತೇ ಅನ್ನುವುದು.

ಮದುವೆಯ ಫೋಟೋಕ್ಕೆ ವಿ30 ಸಾಕು. ಮುಧೋಳ ನಾಯಿಗೆ ಸಾಲದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಈ ನಾಯಿ, ಕಬ್ಬು ಕಡಿದ ಹೊಲದಲ್ಲಿ ಬಿಟ್ಟರೆ ನಾಲ್ಕೂ ಕಾಲು ಹೊಟ್ಟೆಯಡಿ ಕೂಡಿಸಿ ನೆಲ ಬಿಡುವ ಒಂದು ಕ್ಷಣ ಇದೆಯಲ್ಲ, ಅದಕ್ಕಾಗಿ ನಾನು ಬಿಸಿಲು ಮರೆತು ನಿಲ್ಲುತ್ತೇನೆ. ಸೆಕೆಂಡಿಗೆ 10 ಚಿತ್ರ, ಒಂದೊಂದು ರಾ ಫೈಲೂ ಸುಮಾರು 30 ಮೆಗಾಬೈಟ್. ಅಂದರೆ ಸೆಕೆಂಡಿಗೆ 300. ಅಷ್ಟನ್ನು ಕಾರ್ಡು ಹಾಗೇ ನುಂಗಲಾರದು. ಕ್ಯಾಮೆರಾ ತನ್ನ ಬಫರಿನಲ್ಲಿ ತುಂಬಿಕೊಂಡು ಕಾರ್ಡಿಗೆ ದಾಟಿಸುತ್ತಿರುತ್ತದೆ. ಕಾರ್ಡು ನಿಧಾನವಾದರೆ ಬಫರ್ ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ, ನಾಯಿ ನಿಲ್ಲುವುದಿಲ್ಲ.

ಅಗ್ಗದ ಮಾಲಿನ ಕಥೆ ಬೇರೆ. ಹೊರಗೆ 128 ಜಿಬಿ ಅಂತ ಅಚ್ಚಾಗಿರುತ್ತದೆ, ಒಳಗಿರುವುದು 8. ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ಪಿಗೇ ಸುಳ್ಳು ಕಲಿಸಿರುತ್ತಾರೆ. ಎಂಟು ತುಂಬಿದ ಮೇಲೂ ಕ್ಯಾಮೆರಾ ಬರೆಯುತ್ತಲೇ ಹೋಗುತ್ತದೆ. ಮನೆಗೆ ಬಂದು ನೋಡಿದರೆ ಫೈಲಿನ ಹೆಸರುಗಳಿವೆ, ಫೋಟೋ ತೆರೆಯುವುದಿಲ್ಲ. ಆದ್ದರಿಂದ ಬಿಲ್ಲು ಕೊಡುವ ಅಂಗಡಿ ಬಿಟ್ಟು ಬೇರೆಲ್ಲೂ ಕೊಳ್ಳಬಾರದು. ಕೊಂಡ ಮೇಲೂ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ತಂತ್ರಾಂಶ ಹಚ್ಚಿ, ಕಾರ್ಡನ್ನು ಕಂಠಪೂರ್ತಿ ತುಂಬಿಸಿ, ಬರೆದದ್ದನ್ನೇ ಮತ್ತೆ ಓದಿಸಿ ತಾಳೆ ನೋಡಬೇಕು. ದೊಡ್ಡ ಕಾರ್ಡಾದರೆ ತಾಸುಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಆ ಹಸಿರು ಪಟ್ಟಿ ನಿಧಾನಕ್ಕೆ ತುಂಬುವುದನ್ನು ನೋಡುತ್ತ ಚಹಾ ಕುಡಿಯುವುದು ನನಗೆ ಬಹಳ ಇಷ್ಟ. ತಪ್ಪಿಲ್ಲದೆ ಮುಗಿದರೆ ಮಾರ್ಕರಿನಿಂದ ತಿಂಗಳು, ವರ್ಷ ಬರೆದು ಡಬ್ಬಿಗೆ ಸೇರಿಸುತ್ತೇನೆ.

ಇಷ್ಟು ನಿಗಾ ಯಾಕೆಂದು ಕೇಳುವವರಿಗೆ ನಮ್ಮ ನದಿಗಳನ್ನು ತೋರಿಸಬೇಕು. ಬೀಳಗಿ ಕಡೆಯ ಪುನರ್ವಸತಿ ಊರುಗಳಲ್ಲಿ ಮದುವೆಗೆ ಹೋದಾಗ ಗೋಡೆಯ ಮೇಲೆ ಹಳೇ ಮನೆಯ ಫೋಟೋ ಕಾಣುತ್ತದೆ. ಆ ಮನೆ, ಆ ಕಟ್ಟೆ, ಆ ಬೇವಿನ ಮರ ಎಲ್ಲ ಆಲಮಟ್ಟಿಯ ಹಿನ್ನೀರಿನಡಿ ಇವೆ. ಮೊಮ್ಮಕ್ಕಳು ಊರನ್ನು ಕಂಡದ್ದು ಆ ಚೌಕಟ್ಟಿನಲ್ಲಿ ಮಾತ್ರ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದವು. ನೀರಿಳಿದ ಮೇಲೆ ಮುಧೋಳದ ಹೊಳೆದಂಡೆಯ ಊರಿನ ಹೆಣ್ಣುಮಗಳೊಬ್ಬಳು ತೊಯ್ದ ಆಲ್ಬಮ್ಮನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದಳು. ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ‘ಅಣ್ಣಾರ, ಇದರಾಗಿನೂ ನಿಮ್ಮ ಕಡೆ ಇನ್ನೂ ಅದಾವೇನ್ರಿ? ನಮ್ಮಪ್ಪಂದು ಬ್ಯಾರೆ ಫೋಟೋ ಇಲ್ರಿ.’ ಇದ್ದವು. ತಂದೆ ಮಗಳ ತಲೆಯ ಮೇಲೆ ಕೈಯಿಟ್ಟ ಚಿತ್ರವನ್ನು ಅಂದೇ ಮುದ್ರಿಸಿ ಕೊಟ್ಟೆ.

ಹಾಗಂತ ಕಾರ್ಡನ್ನೇ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರೆ ಆಗದು. ತೋಷಿಬಾ ಕಂಪನಿಯಲ್ಲಿದ್ದಾಗ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಈ ಫ್ಲ್ಯಾಷ್ ಮೆಮೊರಿಯಲ್ಲಿ ಚಿತ್ರವೆಂದರೆ ಕಣ್ಣಿಗೆ ಕಾಣದ ಕೋಶಗಳಲ್ಲಿ ಸಿಕ್ಕಿಸಿಟ್ಟ ವಿದ್ಯುತ್ ಕಣಗಳು. ವರ್ಷಗಟ್ಟಲೆ ಸುಮ್ಮನೆ ಬಿದ್ದರೆ ಅವು ಸೋರುತ್ತವೆ. ಅಳಿಸಿ ಬರೆದಂತೆಲ್ಲ ಕೋಶಗಳೂ ಸವೆಯುತ್ತವೆ. ಅದಕ್ಕೇ 256 ಜಿಬಿಯ ಒಂದು ಕಾರ್ಡಿಗಿಂತ 64ರ ನಾಲ್ಕು ಮೇಲು ಅನ್ನುವವನು ನಾನು, ಎಲ್ಲವನ್ನೂ ಒಂದರಲ್ಲೇ ಇಡುವ ಧೈರ್ಯ ಬೇಡ. ಕ್ಯಾಮೆರಾದ ಎರಡೂ ಕಿಂಡಿಗಳಲ್ಲಿ ಕಾರ್ಡು ಹಾಕಿ ಒಂದೇ ಚಿತ್ರವನ್ನು ಎರಡರಲ್ಲೂ ಬರೆಸುತ್ತೇನೆ. ಮದುವೆ ಮುಗಿದ ರಾತ್ರಿಯೇ ಎರಡು ಹಾರ್ಡ್ ಡಿಸ್ಕಿಗೆ ಇಳಿಸುತ್ತೇನೆ. ಒಂದು ಜಮಖಂಡಿಯ ಸ್ಟುಡಿಯೋದಲ್ಲಿ ಉಳಿಯುತ್ತದೆ, ಇನ್ನೊಂದು ಲೋಕಾಪುರದ ತಂಗಿಯ ಮನೆಯ ತಿಜೋರಿಗೆ ಹೋಗುತ್ತದೆ. ಎರಡರಲ್ಲೂ ಫೋಟೋ ತೆರೆದು ನೋಡಿದ ಮೇಲೆಯೇ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಅಲ್ಲಿಯೇ ಫಾರ್ಮ್ಯಾಟ್ ಮಾಡಿ, ಮುಂದಿನ ಮನೆಯ ಅಕ್ಕಿಕಾಳಿಗೆ ಹೊರಡುತ್ತೇನೆ.