ನಾಳೆ ಬಾ, ಐದು ನಿಮಿಷ ಬಿಟ್ಟು ಬಾ

ಕೋಲ್ಕತ್ತದ ನ್ಯೂ ಟೌನ್‌ನಲ್ಲಿ ನಾನು ಕೆಲಸ ಮಾಡುವ ಚಿಕ್ಕ ತರಬೇತಿ ಸಂಸ್ಥೆಗೆ ಸ್ವಂತ ಮೇಲ್ ಸರ್ವರ್ ಇದೆ. ಹದಿನೆಂಟು ಜನರ ಕಚೇರಿಗೆ ಅದೇಕೆ ಎಂದು ಕೇಳಬೇಡಿ, ಅದು ಬೇರೆಯೇ ಕಥೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಬಂದರೆ ಲಾಟರಿ, ಸಾಲ, ತೂಕ ಇಳಿಸುವ ಮಾತ್ರೆಗಳ ರಾಶಿಯಲ್ಲಿ ಅಸಲಿ ಪತ್ರ ಹುಡುಕಬೇಕಿತ್ತು. ಅದಕ್ಕೇ ಗ್ರೇಲಿಸ್ಟಿಂಗ್ ಹಾಕಿದೆ.

2003ರಲ್ಲಿ ಇವಾನ್ ಹ್ಯಾರಿಸ್ ಎಂಬುವರು ಬರೆದಿಟ್ಟ ಉಪಾಯ ಇದು. ಕಳುಹಿಸುವ ಯಂತ್ರದ ಐಪಿ, ಕಳುಹಿಸಿದವರ ವಿಳಾಸ, ಪಡೆಯುವವರ ವಿಳಾಸ, ಈ ಮೂರೂ ಒಟ್ಟಿಗೆ ಮೊದಲ ಸಲ ಕಂಡರೆ ಸರ್ವರ್ 450 ಎಂಬ ಸಂಖ್ಯೆ ಹೇಳಿ ವಾಪಸ್ ಕಳಿಸುತ್ತದೆ. ಅದರರ್ಥ, ಈಗ ಆಗುವುದಿಲ್ಲ, ಆಮೇಲೆ ಬಾ. ನಿಯಮ ಪಾಲಿಸುವ ಸರ್ವರ್ ಪತ್ರವನ್ನು ಸರತಿಯಲ್ಲಿಟ್ಟುಕೊಂಡು ಮತ್ತೆ ಬರುತ್ತದೆ. ಒಂದೇ ಉಸಿರಿಗೆ ಲಕ್ಷಗಟ್ಟಲೆ ಸ್ಪ್ಯಾಮ್ ಎಸೆಯುವ ತಂತ್ರಾಂಶಗಳಲ್ಲಿ ಹೆಚ್ಚಿನವಕ್ಕೆ ಅಷ್ಟು ಪುರುಸೊತ್ತಿಲ್ಲ.

1990ರ ದಶಕದಲ್ಲಿ ನಮ್ಮ ಕಡೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದದ್ದು ನಿಮಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತು, ಮರುದಿನ ಬಂದು ಮತ್ತೆ ಓದುತ್ತಿತ್ತು. ನಮ್ಮ ದೆವ್ವಗಳಿಗೆ ಓದು ಬರುತ್ತಿತ್ತು, ಮಾತಿಗೆ ಬೆಲೆಯನ್ನೂ ಕೊಡುತ್ತಿದ್ದವು. ಸರ್ವರ್‌ನಲ್ಲಿ ಲೆಕ್ಕ ತಿರುಗುಮುರುಗು. ದೆವ್ವ ಮತ್ತೆ ಬರುವುದಿಲ್ಲ, ನೆಂಟ ಬರುತ್ತಾನೆ.

ಹಾಕುವುದು ಕಷ್ಟವಲ್ಲ. ಪೋಸ್ಟ್‌ಫಿಕ್ಸ್ ಇದ್ದರೆ ಪೋಸ್ಟ್‌ಗ್ರೇ ಎಂಬ ಪುಟ್ಟ ತಂತ್ರಾಂಶ ಸಾಕು, ಕಾನ್ಫಿಗರೇಶನ್ ಫೈಲ್‌ಗೆ ಒಂದು ಸಾಲು. ಕಾಯಿಸುವ ಅವಧಿ ಮೊದಲೇ 300 ಸೆಕೆಂಡ್ ಎಂದು ಇರುತ್ತದೆ. ಒಂದೇ ಕಡೆಯಿಂದ ಐದು ಸಲ ಸರಿಯಾಗಿ ಪತ್ರ ಬಂದರೆ ಆಮೇಲೆ ಕಾಯಿಸುವುದಿಲ್ಲ. ನ್ಯೂ ಟೌನ್‌ನ ವಸತಿ ಸಮುಚ್ಚಯಗಳ ಗೇಟಿನಲ್ಲೂ ಹೀಗೆಯೇ. ಹೊಸಬರಿಗೆ ‘ಏಕ್ಟು ದಾಂಡಾನ್’, ಸ್ವಲ್ಪ ನಿಲ್ಲಿ. ನಾಲ್ಕಾರು ಸಲ ಬಂದವರಿಗೆ ಕಾವಲುಗಾರ ಕೈಬೀಸುತ್ತಾನೆ. ಬಿಸಿಲಲ್ಲಿ ನಿಲ್ಲುವವರು ಮಾತ್ರ ಯಾವಾಗಲೂ ಹೊರಗಿನವರೇ.

ತೊಡಕು ಇರುವುದೂ ಅಲ್ಲೇ. ಐದು ನಿಮಿಷ ಎಂದು ನಾವು ಹೇಳುತ್ತೇವೆ, ಯಾವಾಗ ಮರಳಬೇಕೆಂದು ತೀರ್ಮಾನಿಸುವುದು ಆ ಕಡೆಯ ಸರ್ವರ್. ಕೆಲವು ಹತ್ತು ನಿಮಿಷಕ್ಕೆ ಬರುತ್ತವೆ, ಕೆಲವು ಅರ್ಧ ಗಂಟೆಗೆ. ಹತ್ತು ನಿಮಿಷದ ಆಯಸ್ಸಿನ ಓಟಿಪಿ ಆದರೆ ಬರುವಷ್ಟರಲ್ಲಿ ಹೆಣವಾಗಿರುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿವೇತನಕ್ಕೆ ಪುರುಲಿಯಾ ಕಡೆಯ ಹುಡುಗಿಯೊಬ್ಬಳು ಕಾಲೇಜಿನ ವಿಳಾಸದಿಂದ ಅರ್ಜಿ ಕಳಿಸಿದಳು. ಗಡುವು ಶುಕ್ರವಾರ ಸಂಜೆ 5. ಅರ್ಜಿ ಒಳಬಂದದ್ದು 5:11ಕ್ಕೆ. ನಮ್ಮ ಮ್ಯಾನೇಜರ್ ಅದನ್ನು ಪಕ್ಕಕ್ಕಿಟ್ಟರು.

“ದಾದಾ, ಅವಳು ಬಾಗಿಲು ತಟ್ಟಿದ್ದು 4:41ಕ್ಕೆ,” ಎಂದೆ. ಪೋಸ್ಟ್‌ಗ್ರೇ ತಾನು ಕಾಯಿಸಿದ ಹೊತ್ತನ್ನು ಪತ್ರದ ತಲೆಬರಹದಲ್ಲೇ ಬರೆದಿಡುತ್ತದೆ. ಇದರಲ್ಲಿ 1,800 ಸೆಕೆಂಡ್ ಎಂದಿತ್ತು.

ಅವರೂ ಬಿಡುವವರಲ್ಲ. “ತಟ್ಟಿದಾಗ ಕೈಯಲ್ಲಿ ಏನಿತ್ತೆಂದು ನಿನ್ನ ಸರ್ವರ್ ನೋಡಿತಾ?”

ನ್ಯಾಯವಾದ ಪ್ರಶ್ನೆ. ಮೊದಲ ಸಲ ವಿಳಾಸ ಕೇಳಿಯೇ ವಾಪಸ್ ಕಳಿಸುವುದರಿಂದ ಒಳಗಿನ ಕಾಗದ ನಮಗೆ ಕಾಣಿಸುವುದಿಲ್ಲ. ಆದರೆ ಅವಳಿಂದ ಪತ್ರ ತೆಗೆದುಕೊಂಡಾಗ ಕಾಲೇಜಿನ ಸರ್ವರ್ ಒತ್ತಿದ ಸಮಯದ ಮುದ್ರೆಯೂ ಅದೇ ತಲೆಬರಹದಲ್ಲಿತ್ತು, 4:41. ಆಮೇಲೆ ಅದು ಸರತಿಯಲ್ಲಿ ಕೂತಿತ್ತಷ್ಟೆ. ಅಂಚೆಯ ಅರ್ಜಿಗೆ ಹಾಕಿದ ದಿನದ ಮುದ್ರೆ ನೋಡುವುದಿಲ್ಲವೇ ಎಂದು ಕೇಳಿದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, ಅರ್ಜಿಯನ್ನು ಉಳಿದವುಗಳ ಜೊತೆ ಸೇರಿಸಿದರು. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ಈಗ ಅರ್ಜಿಗಳ ವಿಳಾಸವೊಂದಕ್ಕೆ ಗ್ರೇಲಿಸ್ಟಿಂಗ್‌ನಿಂದ ವಿನಾಯಿತಿ ಕೊಟ್ಟಿದ್ದೇನೆ. ಆ ಬಾಗಿಲಿಗೆ ದೆವ್ವಗಳೂ ನೇರವಾಗಿ ನುಗ್ಗುತ್ತವೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಒಂದೊಂದಾಗಿ ಅಳಿಸುತ್ತೇನೆ, ದಿನಕ್ಕೆ ನಲವತ್ತು ಚಿಲ್ಲರೆ.